ತಲೆಗೆ ಪಟ್ಟಿ ಕಟ್ಟಿಕೊಂಡು ಬಂದ ಗೋಲ್‌ಕೀಪರ್

ಗೋಲು ಹೊಡೆದವನಿಗೆ ಚಪ್ಪಾಳೆ, ಬಿಟ್ಟವನಿಗೆ ಬೈಗುಳ. ಕಾಲೇಜು ಗ್ರೌಂಡಿನಿಂದ ವಿಶ್ವಕಪ್‌ವರೆಗೂ ಇದೇ ಲೆಕ್ಕ. ಗೋಲ್‌ಕೀಪರ್ ಮೇಲೆ ಯಾರಾದರೂ ಕವಿತೆ ಬರೆಯುತ್ತಾರಾ? ಹಂಗೇರಿಯ ಫೆರೆಂಟ್ಸ್ ಪ್ಲಾಟ್ಕೊ ಮೇಲೆ ಬರೆದಿದ್ದಾರೆ.

1898ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಪ್ಲಾಟ್ಕೊ, ಅಲ್ಲಿನ ಎಂಟಿಕೆ ಕ್ಲಬ್‌ಗೆ ಆಡಿ 1923ರಲ್ಲಿ ಬಾರ್ಸಿಲೋನಾ ಸೇರಿದ. ಸೇರಿದ ಹೊತ್ತು ಸುಲಭದ್ದಲ್ಲ. ಹಿಂದಿನ ವರ್ಷವಷ್ಟೇ ರಿಕಾರ್ಡೊ ಜಮೋರಾ ಅದೇ ಊರಿನ ಎದುರಾಳಿ ಎಸ್ಪಾನ್ಯೋಲ್‌ಗೆ ಹೋಗಿದ್ದ. ಸ್ಪೇನ್ ಲೀಗಿನಲ್ಲಿ ಗೋಲ್‌ಕೀಪರ್‌ಗಳಿಗೆ ಇವತ್ತಿಗೂ ಕೊಡುವ ಪ್ರಶಸ್ತಿ ಇರುವುದು ಆ ಜಮೋರಾ ಹೆಸರಿನಲ್ಲಿ! ಅಂಥವನು ಖಾಲಿ ಮಾಡಿದ ಜಾಗದಲ್ಲಿ, ಅದೂ ಪರದೇಶದವನಾಗಿ ನಿಲ್ಲಬೇಕಿತ್ತು. ಪ್ಲಾಟ್ಕೊ ಏಳು ವರ್ಷ ನಿಂತ. 1925 ಮತ್ತು 1926ರಲ್ಲಿ ಸ್ಪೇನ್‌ನ ರಾಜರ ಕಪ್ ಬಾರ್ಸಿಲೋನಾಕ್ಕೆ ಬಂತು.

ಹೆಸರು ಉಳಿದಿದ್ದು ಮಾತ್ರ 1928ರ ಮೇ 20ರಿಂದ. ಸಾಂಟಾಂಡೇರ್ ಎಂಬ ಕಡಲ ತೀರದ ಊರಿನಲ್ಲಿ ಕಪ್ ಫೈನಲ್. ಎದುರಾಳಿ ರಿಯಲ್ ಸೋಸಿಯೆಡಾಡ್. ಮುನ್ನುಗ್ಗಿ ಬಂದ ಆಟಗಾರನ ಕಾಲಬುಡಕ್ಕೇ ಪ್ಲಾಟ್ಕೊ ಧುಮುಕಿದ. ಚೆಂಡು ಉಳಿಯಿತು, ತಲೆ ಒಡೆಯಿತು. ಆಗ ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇರಲಿಲ್ಲ. ತಂಡದ ಇನ್ನೊಬ್ಬನೇ ಗೋಲು ಕಾಯಬೇಕಾಯಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಟ್ಕೊ ತಲೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಮೈದಾನಕ್ಕೆ ಬಂದ. ಪಂದ್ಯ 1-1ರಲ್ಲಿ ನಿಂತಿತು. ಮರುಪಂದ್ಯವೂ 1-1. ನಡುವೆ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಬಂದಿದ್ದರಿಂದ ಮೂರನೆಯದು ಜೂನ್ 29ಕ್ಕೆ ಹೋಯಿತು. ಬಾರ್ಸಿಲೋನಾ 3-1ರಲ್ಲಿ ಗೆದ್ದಿತು.

ಮೊದಲ ಪಂದ್ಯ ನೋಡುತ್ತಿದ್ದವರಲ್ಲಿ 25ರ ಹರೆಯದ ಕವಿ ರಫಾಯೆಲ್ ಆಲ್ಬರ್ಟಿ ಇದ್ದ. ಆತ ಬರೆದ 'ಪ್ಲಾಟ್ಕೊಗೆ ಓಡ್' ಸ್ಪ್ಯಾನಿಷ್ ಸಾಹಿತ್ಯದಲ್ಲಿ ಪ್ರಸಿದ್ಧ. ಮುಂದೆ ಸೋಸಿಯೆಡಾಡ್ ಅಭಿಮಾನಿ ಕವಿ ಗೇಬ್ರಿಯಲ್ ಸೆಲಾಯ ಅದಕ್ಕೆ ಎದುರು ಪದ್ಯವನ್ನೂ ಬರೆದ. ಸೋತವರ ಹೊಟ್ಟೆಯುರಿಗೂ ಕವಿಯೊಬ್ಬ ಬೇಕಲ್ಲ!

ನೋವು ನುಂಗಿ ಗೆಲ್ಲು ಎಂದು ಹುರಿದುಂಬಿಸುವವರಿಗೆ ಈ ಕಥೆ ಹೇಳಿ ಮಾಡಿಸಿದಂತಿದೆ. ನನಗೆ ಹಾಗೆ ಹೇಳಲು ಮನಸ್ಸಿಲ್ಲ. ತಲೆಗೆ ಅಂಥ ಏಟು ಬಿದ್ದವನನ್ನು ಇಂದು ಯಾವ ಡಾಕ್ಟರೂ ಮತ್ತೆ ಆಡಲು ಬಿಡಲಾರರು, ಬಿಡಲೂಬಾರದು. ಆತ ವಾಪಸ್ ಬಂದಿದ್ದರಲ್ಲಿ ಧೈರ್ಯ ಎಷ್ಟಿತ್ತೋ, ಬೇರೆ ದಾರಿಯಿಲ್ಲದ ನಿಯಮದ ಒತ್ತಡವೂ ಅಷ್ಟೇ ಇತ್ತು.

ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಪ್ಲಾಟ್ಕೊ. ಗ್ಲೋವ್ಸ್ ಬಿಚ್ಚಿಟ್ಟ ಮೇಲೆ ಕೆಲಸ ಹುಡುಕುತ್ತಾ ದೇಶದಿಂದ ದೇಶಕ್ಕೆ ಹೋದ ಕೋಚ್ ಆತ. 1934ರಲ್ಲಿ ಬಾರ್ಸಿಲೋನಾಕ್ಕೇ ತರಬೇತಿ ಕೊಟ್ಟ. ಆಮೇಲೆ ಸಾಗರ ದಾಟಿ ಚಿಲಿಯ ಕೊಲೊ-ಕೊಲೊ ತಂಡ ಸೇರಿದ. ಎದುರಾಳಿಯ ಮುಖ್ಯ ಸ್ಟ್ರೈಕರ್‌ಗೆ ಅಂಟಿಕೊಂಡೇ ಇರಲು ಒಬ್ಬ ಆಟಗಾರನನ್ನು ಬಿಟ್ಟ. ಚಿಲಿಯವರು ಆ ಆಟಗಾರನಿಗೆ 'ಪೊಲೀಸ್' ಎಂದೇ ಹೆಸರಿಟ್ಟರು. 1941ರಲ್ಲಿ ಕೊಲೊ-ಕೊಲೊ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. 1955ರಲ್ಲಿ ಮತ್ತೆ ಬಾರ್ಸಿಲೋನಾ ಕರೆಯಿತು. ಆ ಸಲ ಲೀಗ್ ಪ್ರಶಸ್ತಿ ಒಂದೇ ಅಂಕದಿಂದ ಕೈತಪ್ಪಿತು, ಕೋಚ್ ಕೆಲಸವೂ ಹೋಯಿತು. ಅದರ ಮೇಲೆ ಯಾರೂ ಓಡ್ ಬರೆದಂತಿಲ್ಲ.

1983ರಲ್ಲಿ ಪ್ಲಾಟ್ಕೊ ತೀರಿಕೊಂಡಿದ್ದು ಬುಡಾಪೆಸ್ಟ್‌ನಲ್ಲೂ ಅಲ್ಲ, ಬಾರ್ಸಿಲೋನಾದಲ್ಲೂ ಅಲ್ಲ. ಕೊಲೊ-ಕೊಲೊದ ಊರು ಸಾಂಟಿಯಾಗೊದಲ್ಲಿ.