ಸ್ಯಾಮ್ಯುಯೆಲ್ ಗಾಂಪರ್ಸ್: ಕಸುಬು ಕಲಿಸೋ ಶಾಲೆ ಯಾರ ಕೈಲಿರಬೇಕು?

ಇಂಟರ್ನ್‌ಶಿಪ್ ಅಂದ್ರೆ ಕಲಿಕೆನಾ, ಅಗ್ಗದ ದುಡಿಮೆನಾ ಅಂತ ನಾವು ಕ್ಯಾಂಟೀನಿನಲ್ಲಿ ಜಗಳ ಆಡ್ತೀವಲ್ಲ, ಆ ಜಗಳ ತುಂಬಾ ಹಳೇದು. ಅಮೆರಿಕದಲ್ಲಿ ಅದನ್ನು ದೇಶದ ಮಟ್ಟಕ್ಕೆ ಒಯ್ದವರಲ್ಲಿ ಒಬ್ಬರು ಸಿಗಾರ್ ಸುತ್ತುವ ಕಾರ್ಮಿಕ ಸ್ಯಾಮ್ಯುಯೆಲ್ ಗಾಂಪರ್ಸ್.

ಹುಟ್ಟಿದ್ದು 1850ರಲ್ಲಿ, ಲಂಡನ್ನಿನ ಬಡ ಯಹೂದಿ ಮನೆಯಲ್ಲಿ. ಹತ್ತು ವರ್ಷಕ್ಕೇ ಶಾಲೆ ಬಿಡಿಸಿ ಬೂಟು ಹೊಲಿಯುವವನ ಹತ್ತಿರ ಕೆಲಸಕ್ಕೆ ಹಾಕಿದರು. ಅದು ಹಿಡಿಸಲಿಲ್ಲ, ಅಪ್ಪನ ಸಿಗಾರ್ ಕಸುಬಿಗೇ ಬಂದರು. 1863ರಲ್ಲಿ ಸಂಸಾರ ನ್ಯೂಯಾರ್ಕ್ ಸೇರಿತು. ಸಿಗಾರ್ ಅಂಗಡಿಯೇ ಅವರ ಕಾಲೇಜು: ಕೈಗೆ ಕೆಲಸ, ಕಿವಿ ಖಾಲಿ. ಹಾಗಾಗಿ ಒಬ್ಬ ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದುತ್ತಿದ್ದ. ಅವನ ಕೂಲಿ ಕಡಿಮೆಯಾಗದಂತೆ ಉಳಿದವರು ತಾವು ಸುತ್ತಿದ ಸಿಗಾರ್‌ಗಳಲ್ಲಿ ಪಾಲು ಕೊಡುತ್ತಿದ್ದರು. ಸಂಜೆ ಕೂಪರ್ ಯೂನಿಯನ್ನಿನಲ್ಲಿ ಪುಕ್ಕಟೆ ತರಗತಿ. ಹೌದು, ಇವತ್ತೂ ಎಂಜಿನಿಯರಿಂಗ್ ಕಲಿಸುವ ಅದೇ ಕೂಪರ್ ಯೂನಿಯನ್.

1886ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಹುಟ್ಟಿದಾಗ ಗಾಂಪರ್ಸ್ ಅಧ್ಯಕ್ಷರಾದರು. ಒಂದು ವರ್ಷ ಬಿಟ್ಟರೆ 1924ರಲ್ಲಿ ಸಾಯುವವರೆಗೂ ಅವರೇ.

ಅಷ್ಟರಲ್ಲಿ ಕಾರ್ಖಾನೆ ಮಾಲೀಕರು ಖಾಸಗಿ ಟ್ರೇಡ್ ಸ್ಕೂಲ್‌ಗಳ ಬೆನ್ನಿಗೆ ನಿಂತಿದ್ದರು. ವರ್ಷಗಟ್ಟಲೆ ಅಪ್ರೆಂಟಿಸ್ ಆಗಿ ಕಲಿಯುವ ಕಸುಬನ್ನು ಅಲ್ಲಿ ಕೆಲವೇ ತಿಂಗಳಲ್ಲಿ ಅರೆಬರೆ ಕಲಿಸಿ, ಮುಷ್ಕರ ನಡೆದಾಗ ಆ ಹುಡುಗರನ್ನೇ ಒಳಗೆ ಬಿಡ್ತಾರೆ ಅನ್ನೋದು ಯೂನಿಯನ್‌ಗಳ ಭಯ. ಸುಳ್ಳು ಭಯವೇನಲ್ಲ. ಆದರೆ ಅಪ್ರೆಂಟಿಸ್‌ಗಳು ಕಡಿಮೆ ಇದ್ದಷ್ಟೂ ತಮ್ಮ ಕೂಲಿ ಭದ್ರ ಅನ್ನೋ ಲೆಕ್ಕವೂ ಅದರಲ್ಲಿತ್ತು.

ಬರೀ ಬೇಡ ಅನ್ನುತ್ತಾ ಕೂತರೆ ಶಾಲೆಗಳು ನಿಲ್ಲೋದಿಲ್ಲ. 1910ರ ಹೊತ್ತಿಗೆ ಫೆಡರೇಷನ್ ನಿಲುವು ಬದಲಿಸಿತು: ಕಸುಬಿನ ಶಿಕ್ಷಣ ಬೇಕು, ಆದರೆ ಸರ್ಕಾರಿ ಶಾಲೆಯಲ್ಲಿ, ಸಾರ್ವಜನಿಕ ದುಡ್ಡಿನಲ್ಲಿ, ಕಾರ್ಮಿಕರಿಗೂ ಮಾತಿರುವ ಆಡಳಿತದಲ್ಲಿ. ಇಲಿನಾಯ್‌ನಲ್ಲಿ ಕಸುಬಿನ ಶಾಲೆಗಳಿಗೆ ಬೇರೆಯದೇ ಆಡಳಿತ ಮಂಡಳಿ ಮಾಡಲು ಹೊರಟಾಗ ಷಿಕಾಗೋ ಯೂನಿಯನ್‌ಗಳು ಅಡ್ಡ ನಿಂತವು. ಕೂಲಿಯವರ ಮಕ್ಕಳನ್ನು ಚಿಕ್ಕಂದಿನಲ್ಲೇ ಬೇರೆ ದಾರಿಗೆ ತಳ್ಳಬೇಡಿ ಅನ್ನೋದು ಅವರ ವಾದ. ತತ್ವಜ್ಞಾನಿ ಜಾನ್ ಡ್ಯೂಯಿ ಕೂಡ ಆ ಯೋಜನೆಯನ್ನು ವಿರೋಧಿಸಿದರು. ಅದು ಬಿದ್ದುಹೋಯಿತು.

1917ರ ಫೆಬ್ರವರಿಯಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಬಂತು. ಕೃಷಿ, ಗೃಹವಿಜ್ಞಾನ, ಕೈಗಾರಿಕಾ ಕಸುಬು ಕಲಿಸಲು ಕೇಂದ್ರದ ಹಣ. ಉಸ್ತುವಾರಿಗೆ ಏಳು ಜನರ ಮಂಡಳಿ. ಅದರಲ್ಲಿ ಉದ್ಯಮದವರಿಗೆ ಒಂದು ಕುರ್ಚಿ, ರೈತರಿಗೆ ಒಂದು, ಕಾರ್ಮಿಕರಿಗೆ ಒಂದು. ನನ್ನ ಪ್ರಕಾರ ಗಾಂಪರ್ಸ್ ಗೆದ್ದದ್ದು ಆ ಒಂದು ಕುರ್ಚಿಯನ್ನು.

ಆ ಕುರ್ಚಿ ಎಲ್ಲ ಕಾರ್ಮಿಕರದ್ದೂ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಚೀನಾದಿಂದ ಬರುವ ಕೂಲಿಕಾರರನ್ನು ದೇಶದೊಳಗೆ ಬಿಡಬಾರದು ಅಂತ ಗಾಂಪರ್ಸ್ ಜೀವನವಿಡೀ ಹಟ ಹಿಡಿದಿದ್ದರು. ಅವರ ಫೆಡರೇಷನ್ನಿನ ಹಲವು ಯೂನಿಯನ್‌ಗಳು ಕಪ್ಪು ಹುಡುಗರಿಗೆ ಅಪ್ರೆಂಟಿಸ್ ಆಗಲೂ ಬಾಗಿಲು ತೆರೆಯಲಿಲ್ಲ.