ಬಿಸಿಗಾಳಿಯ ಜಾಡು ಹಿಡಿದ ಬೆಂಜಮಿನ್ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ ಎಂದೊಡನೆ ನೆನಪಾಗುವುದು ಮಿಂಚು, ಗಾಳಿಪಟ ಮತ್ತು ಬೀಗದ ಕೈ. ಆ ಪ್ರಯೋಗ 1752ರದು. (ಮಕ್ಕಳೇ, ಅದನ್ನು ಯಾರೂ ಮಾಡಿ ನೋಡಬಾರದು. ಮಿಂಚಿನ ಇಂಥದೇ ಪ್ರಯೋಗದಲ್ಲಿ ತೊಡಗಿದ್ದ ರಿಚ್‌ಮನ್ ಎಂಬ ವಿಜ್ಞಾನಿ 1753ರಲ್ಲಿ ರಷ್ಯಾದಲ್ಲಿ ಪ್ರಾಣ ಕಳೆದುಕೊಂಡ.) ಆದರೆ ಅದಕ್ಕೂ ಸುಮಾರು ಹತ್ತು ವರ್ಷ ಮೊದಲು ಫ್ರಾಂಕ್ಲಿನ್ ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದ್ದ. ಮನೆಯೊಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಮನೆಯವರು ಚಳಿಯಿಂದ ನಡುಗುವುದೇಕೆ?

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ತಂದೆ ಮೇಣದಬತ್ತಿ ಮತ್ತು ಸಾಬೂನು ತಯಾರಿಸುತ್ತಿದ್ದ. ಆತನಿಗೆ ಒಟ್ಟು 17 ಮಕ್ಕಳು. ಇವನು ಹದಿನೈದನೆಯವನು. ಇಷ್ಟು ದೊಡ್ಡ ಸಂಸಾರದಲ್ಲಿ ಎಲ್ಲರನ್ನೂ ಓದಿಸುವುದು ಎಲ್ಲಿ ಸಾಧ್ಯ? ಶಾಲೆ ಕಂಡದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ. ಅಲ್ಲಿ ಕೈಗೆ ಸಿಕ್ಕ ಪುಸ್ತಕಗಳೇ ಆತನ ಶಾಲೆಯಾದವು. ಅಣ್ಣನೊಂದಿಗೆ ಹೊಂದಿಕೆಯಾಗದೆ, 1723ರಲ್ಲಿ ಯಾರಿಗೂ ಹೇಳದೆ ಫಿಲಡೆಲ್ಫಿಯಾ ನಗರಕ್ಕೆ ಓಡಿಹೋದ. ಆಗ ವಯಸ್ಸು ಹದಿನೇಳು. ಮುಂದೆ ಸ್ವಂತ ಮುದ್ರಣಾಲಯ, ಪತ್ರಿಕೆ, ಪಂಚಾಂಗ ಎಲ್ಲವೂ ಬಂದವು. 1731ರಲ್ಲಿ ಸದಸ್ಯರ ಚಂದಾ ಹಣದಿಂದ ನಡೆಯುವ ಗ್ರಂಥಾಲಯವನ್ನೂ 1736ರಲ್ಲಿ ಬೆಂಕಿ ನಂದಿಸುವ ಸ್ವಯಂಸೇವಕರ ತಂಡವನ್ನೂ ಗೆಳೆಯರೊಡನೆ ಕಟ್ಟಿದ.

ಇನ್ನು ಚಳಿಯ ವಿಷಯಕ್ಕೆ ಬರೋಣ. ಅಲ್ಲಿಯ ಚಳಿಗಾಲ ನಮ್ಮ ಮಾಗಿಯಂತಲ್ಲ. ನದಿಗಳು ಹೆಪ್ಪುಗಟ್ಟುತ್ತವೆ, ತಿಂಗಳುಗಟ್ಟಲೆ ಹಿಮ ಬೀಳುತ್ತದೆ. 1740-41ರ ಚಳಿಗಾಲವಂತೂ ಬಹಳ ಕಠಿಣವಾಗಿತ್ತು. ಮನೆ ಬೆಚ್ಚಗಿಡಲು ಇದ್ದದ್ದು ಗೋಡೆಯಲ್ಲಿ ಕಟ್ಟಿದ ದೊಡ್ಡ ಅಗ್ಗಿಷ್ಟಿಕೆ. ಅದರ ಹೊಗೆ ಹೋಗಲು ಅಗಲವಾದ ಚಿಮಣಿ. ಬೆಂಕಿಯ ಎದುರು ಕುಳಿತವರಿಗೆ ಮುಖ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಮೇಲಿನ ಅಂತಸ್ತಿನ ಕೋಣೆಗಳ ಪಾಡು ಕೇಳುವುದೇ ಬೇಡ. ಸೌದೆಯಾದರೂ ಧಾರಾಳವಾಗಿತ್ತೇ? ಅದೂ ಇಲ್ಲ. ನಗರ ಬೆಳೆದಂತೆ ಸುತ್ತಲಿನ ಕಾಡು ದೂರ ಸರಿದಿತ್ತು. ಸೌದೆಯನ್ನು ಬಹಳ ದೂರದಿಂದ ತರಬೇಕಾಗಿತ್ತು, ಬೆಲೆ ಏರುತ್ತಿತ್ತು. ಬಡವರ ಮನೆಯಲ್ಲಿ ಒಲೆ ಆರಿತೆಂದರೆ ಅದು ಪ್ರಾಣದ ಪ್ರಶ್ನೆ.

ಬಿಸಿ ಎಲ್ಲಿ ಹೋಗುತ್ತಿದೆ ಎಂದು ಫ್ರಾಂಕ್ಲಿನ್ ಗಮನಿಸತೊಡಗಿದ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಗುರವಾಗುತ್ತದೆ, ಮೇಲೇರುತ್ತದೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಅದು ನೇರವಾಗಿ ಚಿಮಣಿಯೊಳಗೆ ನುಗ್ಗಿ ಆಕಾಶ ಸೇರುತ್ತದೆ. ಹಾಗೆ ಹೊರಟ ಗಾಳಿಯ ಜಾಗ ತುಂಬಲು ಬಾಗಿಲು, ಕಿಟಕಿಗಳ ಸಂದುಗಳಿಂದ ಹೊರಗಿನ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಅಂದರೆ ಬೆಂಕಿ ಜೋರಾದಷ್ಟೂ ಚಳಿಗಾಳಿಯೂ ಜೋರು! ಆರು ಪಾಲು ಬಿಸಿಯಲ್ಲಿ ಐದು ಪಾಲು ಹೀಗೆ ವ್ಯರ್ಥವಾಗುತ್ತದೆ ಎಂಬುದು ಆತನ ಅಂದಾಜು.

1742ರ ಸುಮಾರಿಗೆ ಆತ ಒಂದು ಹೊಸ ಒಲೆ ರೂಪಿಸಿದ. ಬೀಡು ಕಬ್ಬಿಣದ ಹಲಗೆಗಳನ್ನು ಜೋಡಿಸಿ ಮಾಡಿದ ಪೆಟ್ಟಿಗೆ ಅದು. ಮುಂಭಾಗ ತೆರೆದಿತ್ತು. ಬೆಂಕಿಯ ಹಿಂದೆ ಕಬ್ಬಿಣದ ಟೊಳ್ಳು ಗೂಡು, ಅದರೊಳಗೆ ಅಡ್ಡತಡೆಗಳು. ನೆಲದಲ್ಲಿ ಕೊರೆದ ಕಿಂಡಿಯಿಂದ ನೆಲಮಾಳಿಗೆಯ ಅಥವಾ ಹೊರಗಿನ ತಾಜಾ ಗಾಳಿ ಈ ಗೂಡಿಗೆ ಬರುತ್ತದೆ. ಅಡ್ಡತಡೆಗಳ ನಡುವೆ ಹಾವಿನಂತೆ ಸುತ್ತಿ ಬಿಸಿಯಾಗಿ, ಪಕ್ಕದ ರಂಧ್ರಗಳಿಂದ ಕೋಣೆಗೆ ಹರಡುತ್ತದೆ. ಹೊಗೆಯದು ಬೇರೆಯೇ ದಾರಿ. ಅದು ಗೂಡಿನ ತಲೆಯ ಮೇಲೆ ಹಾಯ್ದು, ಹಿಂಬದಿಯಲ್ಲಿ ಕೆಳಗಿಳಿದು, ನೆಲದಡಿಯ ಕಾಲುವೆಯಲ್ಲಿ ಸಾಗಿ ಆಮೇಲೆ ಚಿಮಣಿ ಸೇರಬೇಕು. ಹೊರಗೆ ಹೋಗುವ ಮುನ್ನ ಹೊಗೆ ತನ್ನಲ್ಲಿರುವ ಶಾಖವನ್ನು ಕಬ್ಬಿಣಕ್ಕೆ ಕೊಟ್ಟು ಹೋಗಲಿ ಎಂಬುದು ಉಪಾಯ. ಉಷ್ಣದ ವಹನ, ಸಂವಹನ, ವಿಕಿರಣ ಮೂರೂ ಈ ಒಂದೇ ಪೆಟ್ಟಿಗೆಯಲ್ಲಿವೆ, ನೋಡಿ!

ಒಲೆಯ ಹಲಗೆಗಳನ್ನು ಎರಕ ಹೊಯ್ದವನು ಗೆಳೆಯ ರಾಬರ್ಟ್ ಗ್ರೇಸ್. 1744ರಲ್ಲಿ ಫ್ರಾಂಕ್ಲಿನ್ ಒಲೆಯ ವಿವರಣೆ ಮತ್ತು ಚಿತ್ರಗಳಿರುವ ಕಿರುಪುಸ್ತಕವನ್ನು ಅಚ್ಚು ಹಾಕಿದ. ಅದನ್ನು ಮೆಚ್ಚಿದ ಪೆನ್ಸಿಲ್ವೇನಿಯಾದ ಗವರ್ನರ್, ಈ ಒಲೆ ಮಾರುವ ಹಕ್ಕನ್ನು ಕೆಲವು ವರ್ಷ ಫ್ರಾಂಕ್ಲಿನ್‌ಗೆ ಮಾತ್ರ ಕೊಡುವ ಪೇಟೆಂಟ್ ನೀಡಲು ಮುಂದಾದ. ಫ್ರಾಂಕ್ಲಿನ್ ಬೇಡವೆಂದ. ಬೇರೆಯವರ ಆವಿಷ್ಕಾರಗಳಿಂದ ನಾವು ಲಾಭ ಪಡೆದಿರುವಾಗ ನಮ್ಮದನ್ನೂ ಹಾಗೆಯೇ ಕೊಡಬೇಕೆಂಬುದು ಆತನ ನಿಲುವು. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಅದೇ ಒಲೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿ, ಪೇಟೆಂಟ್ ಪಡೆದು ಹಣ ಮಾಡಿಕೊಂಡ. ಫ್ರಾಂಕ್ಲಿನ್ ಜಗಳಕ್ಕೆ ಹೋಗಲಿಲ್ಲ.

ಹಾಗಾದರೆ ಒಲೆ ಚೆನ್ನಾಗಿ ಕೆಲಸ ಮಾಡಿತೇ? ಪೂರ್ತಿಯಾಗಿ ಇಲ್ಲ. ಇದನ್ನು ಅನೇಕ ಪುಸ್ತಕಗಳು ಹೇಳುವುದೇ ಇಲ್ಲ. ಬಿಸಿ ಹೊಗೆಗೆ ಮೇಲೇರುವುದು ಸಹಜ, ಕೆಳಗಿಳಿಯುವುದು ಸಹಜವಲ್ಲ. ಚಿಮಣಿ ಚೆನ್ನಾಗಿ ಕಾದಿದ್ದರೆ ಅದು ಹೊಗೆಯನ್ನು ಎಳೆದುಕೊಳ್ಳುತ್ತದೆ. ಆಗತಾನೇ ಹೊತ್ತಿಸಿದಾಗ ಅಥವಾ ಬೆಂಕಿ ಕುಗ್ಗಿದಾಗ ಆ ಎಳೆತ ಇರುವುದಿಲ್ಲ. ಹೊಗೆ ಕೋಣೆಗೇ ಮರಳುತ್ತದೆ. ಬಚ್ಚಲಿನ ಹಂಡೆ ಒಲೆಗೆ ಹಸಿ ಸೌದೆ ತುಂಬಿ ಊದಿದವರಿಗೆ ಆ ಕಣ್ಣುರಿ ಗೊತ್ತಿರುತ್ತದೆ. ಹೀಗಾಗಿ ನಂತರ ಬಂದವರು ಹೊಗೆಯನ್ನು ಕೆಳಗಿಳಿಸುವ ಭಾಗವನ್ನು ಕೈಬಿಟ್ಟು ಸರಳವಾದ ಒಲೆಗಳನ್ನು ಮಾಡಿದರು. ಫ್ರಾಂಕ್ಲಿನ್ ಒಲೆ ಎಂಬ ಹೆಸರು ಮಾತ್ರ ಉಳಿಯಿತು.

ಇಂದಿಗೂ ಅಮೆರಿಕ, ಕೆನಡಾಗಳ ಅನೇಕ ಮನೆಗಳಲ್ಲಿ ಎರಡು ಬಗೆಯ ಬೆಂಕಿ ಇರುತ್ತದೆ. ನೆಲಮಾಳಿಗೆಯಲ್ಲಿ ಅನಿಲ ಅಥವಾ ಎಣ್ಣೆಯಿಂದ ಉರಿಯುವ ಫರ್ನೇಸ್ ಗಾಳಿಯನ್ನು ಬಿಸಿ ಮಾಡಿ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೆ ತಳ್ಳುತ್ತದೆ. ನಡುಮನೆಯಲ್ಲಿ ಸೌದೆ ಒಲೆ. ತಾಪ ನೋಡಿ ಫರ್ನೇಸನ್ನು ನಡೆಸುವ, ನಿಲ್ಲಿಸುವ ಥರ್ಮೋಸ್ಟಾಟ್ ಸೌದೆ ಒಲೆಯ ಹತ್ತಿರವೇ ಇದ್ದರೆ ಏನಾಗುತ್ತದೆ, ಊಹಿಸಿ. ಮನೆಯೆಲ್ಲ ಬೆಚ್ಚಗಿದೆ ಎಂದು ಅದು ಮೋಸಹೋಗಿ ಫರ್ನೇಸನ್ನು ನಿಲ್ಲಿಸುತ್ತದೆ. ಒಲೆಯ ಬಿಸಿಗಾಳಿ ಮೆಟ್ಟಿಲ ದಾರಿಯಿಂದ ಮೇಲಂತಸ್ತಿಗೆ ಏರುತ್ತದೆ. ನೆಲಮಾಳಿಗೆಯೂ ಬಾಗಿಲು ಮುಚ್ಚಿದ ಕೋಣೆಗಳೂ ತಣ್ಣಗಾಗುತ್ತವೆ. ಬಲ್ಲವರು ಆಗ ಥರ್ಮೋಸ್ಟಾಟನ್ನು ಒಲೆಯಿಂದ ದೂರದ ಕೋಣೆಗೆ ಸರಿಸುತ್ತಾರೆ. ಫರ್ನೇಸಿನ ಫ್ಯಾನನ್ನು ಮಾತ್ರ ಓಡಿಸಿ ಗಾಳಿ ಕಲಸುವುದೂ ಉಂಟು. ಇನ್ನೊಂದು ಜಾಣತನವಿದೆ. ಬಿಸಿಗಾಳಿಯನ್ನು ತಣ್ಣನೆಯ ಕೋಣೆಗೆ ತಳ್ಳುವ ಬದಲು, ಅಲ್ಲಿಯ ನೆಲಮಟ್ಟದ ತಂಪು ಗಾಳಿಯನ್ನು ಚಿಕ್ಕ ಫ್ಯಾನಿನಿಂದ ಒಲೆಯ ಕಡೆಗೆ ತಳ್ಳುವುದು. ಖಾಲಿಯಾದ ಜಾಗಕ್ಕೆ ಬಿಸಿಗಾಳಿ ತಾನಾಗಿಯೇ ಬರುತ್ತದೆ.

ಫ್ರಾಂಕ್ಲಿನ್ 1757ರಲ್ಲಿ ಲಂಡನ್ನಿಗೆ ಹೋದ. ಅಲ್ಲಿ ಕ್ರೇವನ್ ಬೀದಿಯ ಮನೆಯ ಚಿಮಣಿಗೆ ಜಾರುವ ಲೋಹದ ತಗಡು ಹಾಕಿಸಿದ. ಬೇಕಾದಷ್ಟು ಕಿಂಡಿ ಬಿಟ್ಟು ಉಳಿದದ್ದನ್ನು ಮುಚ್ಚಿದರೆ ಹೊಗೆ ಹೋಗುತ್ತದೆ, ಬಿಸಿ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಂಕಿಯಿಲ್ಲದ ಚಿಮಣಿಯಲ್ಲೂ ಗಾಳಿ ರಾತ್ರಿ ಮೇಲಕ್ಕೆ, ಹಗಲು ಕೆಳಕ್ಕೆ ಚಲಿಸುವುದನ್ನು ಆತ ಕಂಡುಕೊಂಡ. ಏಕಿರಬಹುದು? ದಪ್ಪ ಇಟ್ಟಿಗೆಯ ಚಿಮಣಿ ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ. ರಾತ್ರಿ ಹೊರಗಿನ ಗಾಳಿಗಿಂತ ಅದು ಬೆಚ್ಚಗಿರುತ್ತದೆ, ಹಗಲು ತಣ್ಣಗಿರುತ್ತದೆ. ಉಳಿದದ್ದನ್ನು ನೀವೇ ಹೇಳಬಲ್ಲಿರಿ. ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಲ್ಲಿ ಹಿಮದ ಮೇಲೆ ಹಾಸಿ, ಕಪ್ಪು ಬಟ್ಟೆ ಹೆಚ್ಚು ಆಳಕ್ಕೆ ಇಳಿಯುವುದನ್ನು ತೋರಿಸಿದವನೂ ಈತನೇ.

ರಾಜಕೀಯದಲ್ಲೂ ಆತ ದೊಡ್ಡ ಹೆಸರು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಹಾಕಿದ. ಒಂದು ಕಾಲಕ್ಕೆ ತನ್ನ ಮನೆಯಲ್ಲೇ ಗುಲಾಮರನ್ನು ಇಟ್ಟುಕೊಂಡಿದ್ದವನು, ಕೊನೆಯ ವರ್ಷಗಳಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1785ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಫ್ರಾನ್ಸಿನಿಂದ ಹಡಗಿನಲ್ಲಿ ಮರಳುವಾಗ ಏನು ಮಾಡಿದ ಗೊತ್ತೇ? ಹೊಗೆ ಕಕ್ಕುವ ಚಿಮಣಿಗಳ ಕಾರಣ, ಪರಿಹಾರಗಳ ಬಗ್ಗೆ ಗೆಳೆಯ ಇಂಗನ್‌ಹೌಸ್‌ಗೆ ಉದ್ದನೆಯ ಪತ್ರ ಬರೆದ. ಸಂದೇ ಇಲ್ಲದಂತೆ ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಹೊಗೆ ಮೇಲೇರದು, ಗಾಳಿ ಒಳಬರಲು ದಾರಿ ಬೇಕು ಎಂಬುದನ್ನು ಅದರಲ್ಲಿ ಮೊದಲನೆಯ ಕಾರಣವಾಗಿ ಕೊಟ್ಟಿದ್ದಾನೆ. 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ ಆತ ತೀರಿಕೊಂಡಾಗ 84 ವರ್ಷ ವಯಸ್ಸಾಗಿತ್ತು.

ತರಗತಿಯಲ್ಲಿ ಮಾಡಿ ನೋಡಿ: ತೆಳು ಕಾಗದವನ್ನು ವೃತ್ತವಾಗಿ ಕತ್ತರಿಸಿ, ಅಂಚಿನಿಂದ ನಡುವಿನತ್ತ ಚಕ್ಕುಲಿಯಂತೆ ಸುರುಳಿ ಕತ್ತರಿಸಿ. ನಡುವಿಗೆ ದಾರ ಕಟ್ಟಿ, ಉರಿಯುವ ಮೇಣದಬತ್ತಿಗಿಂತ ಸಾಕಷ್ಟು ಎತ್ತರದಲ್ಲಿ ತೂಗುಬಿಡಿ. ಸುರುಳಿ ತಿರುಗುತ್ತದೆ. ಬತ್ತಿಯನ್ನು ನಂದಿಸಿ ಸ್ವಲ್ಪ ಹೊತ್ತು ಕಾಯಿರಿ. ಬೆಂಕಿ ಹತ್ತಿಸುವಾಗ ಶಿಕ್ಷಕರು ಪಕ್ಕದಲ್ಲೇ ಇರಬೇಕು.