ನೌಕರಿಗೆ ನಿವೃತ್ತಿ ಉಂಟು, ಕಾಯಕಕ್ಕೆ ಇಲ್ಲ



ಮಠಕ್ಕೆ ಬರುವ ಹಿರಿಯರಲ್ಲಿ ಅನೇಕರು ನಮ್ಮೆದುರು ಒಂದೇ ಮಾತನ್ನು ಆಡುತ್ತಾರೆ. ನೌಕರಿ ಮುಗಿಯಿತು, ಹೊಲಮನೆಯ ಯಜಮಾನಿಕೆ ಮಕ್ಕಳ ಕೈಗೆ ಹೋಯಿತು, ಇನ್ನು ನಮ್ಮಿಂದ ಆಗಬೇಕಾದುದೇನು ಎಂಬುದೇ ಆ ಮಾತು. ಉಂಡು ಜಗಲಿಯ ಮೇಲೆ ಕುಳಿತು ದಿನ ಎಣಿಸುವುದೇ ಮುಪ್ಪಿನ ಧರ್ಮವೆಂದು ಅವರು ತಿಳಿದಂತಿದೆ. ಅಂಥವರು ಸರ್ ಎಂ. ವಿಶ್ವೇಶ್ವರಯ್ಯನವರ ಬಾಳಿನ ಉತ್ತರಾರ್ಧವನ್ನು ಒಮ್ಮೆ ನೆನೆಯಬೇಕು.

ಮುದ್ದೇನಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಪಾಠ ಹೇಳಿ ಓದಿದವರು ಅವರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. 1908ರಲ್ಲಿ ತಾವಾಗಿಯೇ ಆ ನೌಕರಿಯಿಂದ ನಿವೃತ್ತರಾದರು. ಆಗಿನ್ನೂ ಐವತ್ತು ತುಂಬಿರಲಿಲ್ಲ. ಅಲ್ಲಿಗೇ ನಿಂತಿದ್ದರೆ ನಾಡು ಅವರನ್ನು ಇಂದು ನೆನೆಯುತ್ತಿತ್ತೇ?

ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದು ನಗರ ಹಾಳಾಯಿತು. ನಿಜಾಮರ ಸರಕಾರ ಇವರನ್ನು ಕರೆಸಿತು. ಪ್ರವಾಹ ತಡೆಯುವ ಎರಡು ದೊಡ್ಡ ಜಲಾಶಯಗಳ ಯೋಜನೆ ಇವರಿಂದ ಸಿದ್ಧವಾಯಿತು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು, 1912ರಲ್ಲಿ ದಿವಾನರಾದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕು, 1915ರ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲವೂ ಆ ಮೊದಲ ನಿವೃತ್ತಿಯ ನಂತರದ ಫಲಗಳು.

ಹಿಂದುಳಿದ ಸಮಾಜಗಳಿಗೆ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅವರಿಗೂ ಅಭಿಪ್ರಾಯಭೇದ ಉಂಟಾಗಿ, 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. ಆ ವಿಷಯದಲ್ಲಿ ನಮ್ಮ ಮನಸ್ಸು ಮಹಾರಾಜರ ಕಡೆಗೇ ಇದೆ. ಆದರೆ ಅಧಿಕಾರ ಹೋಯಿತೆಂದು ಅವರು ಮುನಿಸಿಕೊಂಡು ಕೂಡಲಿಲ್ಲ ಎಂಬುದನ್ನು ಗಮನಿಸಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಲುಕಿದಾಗ, 1923ರಲ್ಲಿ ಅದೇ ಮೈಸೂರು ಸರಕಾರ ಕರೆಯಿತು. ಅವರು ಹೋದರು. 1929ರವರೆಗೆ ಅದರ ಹೊಣೆ ಹೊತ್ತು ಅದನ್ನು ನೆಲೆಗೆ ತಂದರು. ಅಲ್ಲಿಂದ ತಮಗೆ ಸಲ್ಲಬೇಕಾದ ಹಣವನ್ನು ತಾವು ಮುಟ್ಟದೆ, ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ತಮ್ಮ ಹೆಸರಿನಲ್ಲಿರದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರಿನಲ್ಲಿರಲೆಂದರು.

ತೊಂಬತ್ತು ದಾಟಿದ ಮೇಲೂ, ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಕೇಂದ್ರ ಸರಕಾರ ಅವರ ಸಲಹೆ ಕೇಳಿತು. 1955ರಲ್ಲಿ ಭಾರತರತ್ನ ಬಂದಿತು. 1962ರಲ್ಲಿ ಅವರು ಕಾಲವಾದರು.

ಈ ಬಾಳಿನಲ್ಲಿ ನಾವು ಕಾಣುವ ತತ್ತ್ವ ಇಷ್ಟೇ: ಪದವಿ ಬಿಡುವುದು ಬೇರೆ, ಕಾಯಕ ಬಿಡುವುದು ಬೇರೆ. ಪದವಿಯನ್ನು ಕೊಡುವವರೂ ಕಸಿಯುವವರೂ ಇದ್ದಾರೆ. ಕಾಯಕವನ್ನು ಕಸಿಯುವವರು ಯಾರೂ ಇಲ್ಲ, ನಾವಾಗಿ ಕೈಬಿಟ್ಟರೆ ಮಾತ್ರ ಅದು ಹೋಗುತ್ತದೆ.

ಎಲ್ಲರೂ ಕಟ್ಟೆ ಕಟ್ಟಬೇಕಾಗಿಲ್ಲ. ನಿವೃತ್ತ ಶಿಕ್ಷಕರು ಸಂಜೆ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಡಲಿ. ಲೆಕ್ಕಪತ್ರ ಬಲ್ಲವರು ಊರಿನ ಸಹಕಾರಿ ಸಂಘದ ಪುಸ್ತಕ ನೋಡಲಿ. ಬೇಸಾಯದಲ್ಲಿ ನುರಿತವರು ಕೆರೆಯ ಹೂಳೆತ್ತುವ ದಿನ ಮುಂದೆ ನಿಂತು ದಾರಿ ತೋರಲಿ. ಮಗನ ಯಜಮಾನಿಕೆಯಲ್ಲಿ ಕೈ ಹಾಕದೆ, ಮಗ ಕೇಳಿದಾಗ ಹೇಳುವ ತಾಳ್ಮೆಯೂ ಒಂದು ಕಾಯಕವೇ.

ಮಾಗಿದ ಪೈರು ತೆನೆ ಕೊಡುವ ಕಾಲ ಇದು. ನಾಡಿನ ಹಿರಿಯರೆಲ್ಲರಿಗೂ ಶಿವನು ಆಯುರಾರೋಗ್ಯದೊಂದಿಗೆ ಕೈತುಂಬ ಕೆಲಸವನ್ನೂ ಕರುಣಿಸಲೆಂದು ಹಾರೈಸುತ್ತೇವೆ.